ನೀರು ಇಳಿದಾಗ ಹುಟ್ಟುವ ಮರ

ಟೆಕ್ಸಸ್ ಮತ್ತು ಲೂಯಿಸಿಯಾನ ರಾಜ್ಯಗಳ ಗಡಿಯ ಮೇಲೆ ಕ್ಯಾಡೊ ಎಂಬ ಕೆರೆಯಿದೆ. ಡಾಲಸ್ ಕಡೆಯ ಕನ್ನಡಿಗರಿಗೆ ಇದು ಮೂರು ಗಂಟೆಯ ಕಾರಿನ ಹಾದಿ. ನವೆಂಬರ್‌ನಲ್ಲಿ ಅಲ್ಲಿಯ ಜೌಗಿನ ಸೈಪ್ರೆಸ್ ಮರಗಳ ಎಲೆ ಇಟ್ಟಿಗೆ ಬಣ್ಣಕ್ಕೆ ತಿರುಗುವ ಹೊತ್ತಿಗೆ ಹೋದರೆ ಚೆಂದ. ದೋಣಿ ಹತ್ತಿದವರೆಲ್ಲ ಮೊದಲು ತಲೆ ಎತ್ತುತ್ತಾರೆ. ನೀರಿನಿಂದಲೇ ಎದ್ದ ಕಂಬಗಳು, ಕೊಂಬೆಗಳಿಂದ ಇಳಿಬಿದ್ದ ಬೂದು ಬಣ್ಣದ ಜಟೆ, ಕೆಳಗೆ ಕಪ್ಪು ಕನ್ನಡಿಯಂಥ ನೀರು. ಆದರೆ ಆ ಕಾಡಿನ ಆರೋಗ್ಯ ತಿಳಿಯಬೇಕಾದರೆ ತಲೆ ತಗ್ಗಿಸಿ ನೋಡಬೇಕು. ದೊಡ್ಡ ಮರಗಳ ಸಂದಿಯಲ್ಲಿ ಮೊಣಕಾಲೆತ್ತರದ ಸಸಿ, ಆಳೆತ್ತರದ ಗಿಡ, ತೋಳು ದಪ್ಪದ ಎಳೆಮರ ಇವೆಯೇ? ಇಂಥ ಜೌಗುಗಳಲ್ಲಿ ಬಹಳ ಕಡೆ ಇಲ್ಲ. ಅಜ್ಜಂದಿರಿದ್ದಾರೆ, ಮೊಮ್ಮಕ್ಕಳಿಲ್ಲ.

ಜೀವಮಾನವಿಡೀ ನೀರಿನಲ್ಲಿ ನಿಲ್ಲಬಲ್ಲ ಈ ಮರ ನೀರಿನಲ್ಲಿ ಹುಟ್ಟಲಾರದು ಎಂಬುದೇ ಇದಕ್ಕೆ ಕಾರಣ. ಬೀಜ ಮೊಳೆಯಬೇಕಾದರೆ ಕೆಸರು ಗಾಳಿಗೆ ತೆರೆದುಕೊಳ್ಳಬೇಕು. ಮೊಳೆತ ಸಸಿ ಮುಂದಿನ ನೆರೆ ಬರುವ ಮುನ್ನ ತಲೆ ಮುಳುಗದಷ್ಟು ಎತ್ತರ ಆಗಬೇಕು. ಹಾಗಾಗಿ ಜೌಗಿಗೆ ನೀರು ಬರುವುದು ಎಷ್ಟು ಮುಖ್ಯವೋ ಇಳಿಯುವುದೂ ಅಷ್ಟೇ ಮುಖ್ಯ. ಅಮೆರಿಕದ ದಕ್ಷಿಣದಲ್ಲಿ ಕಳೆದ ನೂರು ವರ್ಷಗಳಲ್ಲಿ ಕೆಟ್ಟಿರುವುದು ಹೆಚ್ಚಾಗಿ ಈ ಇಳಿತ.

ಮೊದಲು ಮರದ ಗುರುತು. ಸೈಪ್ರೆಸ್ ಎಂದರೆ ನಮ್ಮಲ್ಲಿ ಉದ್ಯಾನಗಳ ಅಂಚಿನಲ್ಲಿ ಸಾಲಾಗಿ ನೆಡುವ, ವರ್ಷವಿಡೀ ಹಸಿರಾಗಿರುವ ಶಂಕುವಿನಾಕಾರದ ಗಿಡ ನೆನಪಾಗುತ್ತದೆ. ಜೌಗಿನ ಸೈಪ್ರೆಸ್ ಅದೇ ಕುಟುಂಬದ್ದಾದರೂ ಕುಲ ಬೇರೆ: ಟ್ಯಾಕ್ಸೋಡಿಯಂ ಡಿಸ್ಟಿಕಮ್. ಪೈನ್, ದೇವದಾರುಗಳಂತೆ ಇದೂ ಸೂಜಿಯೆಲೆಯ ಮರವೇ, ಆದರೆ ಚಳಿಗಾಲದಲ್ಲಿ ಎಲೆ ಉದುರಿಸುತ್ತದೆ. ಉದುರುವುದೂ ಒಂದೊಂದೇ ಎಲೆಯಲ್ಲ, ಹಕ್ಕಿಯ ಗರಿಯಂಥ ಚಿಕ್ಕ ಕಡ್ಡಿ ಎಲೆಗಳ ಸಮೇತ ಕಳಚುತ್ತದೆ. ಅದಕ್ಕೇ ಅಲ್ಲಿಯವರು ಇದನ್ನು ಬೋಳು ಸೈಪ್ರೆಸ್ ಎನ್ನುತ್ತಾರೆ. ಲೂಯಿಸಿಯಾನ 1963ರಲ್ಲಿ ಇದನ್ನು ರಾಜ್ಯವೃಕ್ಷವಾಗಿ ಆರಿಸಿತು. ಫ್ಲೋರಿಡಾದ ಆಳವಿಲ್ಲದ, ಹುಳಿ ನೀರಿನ ಹೊಂಡಗಳಲ್ಲಿ ಇದರದೇ ಇನ್ನೊಂದು ಬಗೆ ಬೆಳೆಯುತ್ತದೆ, ಹೊಂಡದ ಸೈಪ್ರೆಸ್. ಅಲ್ಲಿ ನಡುವಿನ ಮರಗಳು ಎತ್ತರ, ಅಂಚಿನವು ಗಿಡ್ಡ. ದೂರದಿಂದ ನೋಡಿದರೆ ಇಡೀ ಕಾಡು ಗುಮ್ಮಟದಂತೆ ಕಾಣುತ್ತದೆ. ಕೊಂಬೆಗಳಿಂದ ಜೋಲುವ ಆ ಜಟೆಗೆ ಸ್ಪ್ಯಾನಿಶ್ ಮಾಸ್ ಎಂದು ಹೆಸರಿದ್ದರೂ ಅದು ಪಾಚಿಯಲ್ಲ, ಅನಾನಸಿನ ಕುಟುಂಬದ ಹೂಬಿಡುವ ಗಿಡ. ಬೆಂಗಳೂರಿನ ನರ್ಸರಿಗಳಲ್ಲಿ ತೂಗುಹಾಕಿ ಮಾರುವುದೂ ಇದನ್ನೇ. ಮರದ ರಸ ಹೀರುವುದಿಲ್ಲ, ಬರೀ ಜೋತುಬೀಳುತ್ತದೆ.

ಇನ್ನು ಮಂಡಿಗಳು. ಮರದ ಸುತ್ತ ನೀರಿನಿಂದ ಮೇಲೆದ್ದ, ತುದಿ ಉರುಟಾದ ಗೂಟಗಳಿರುತ್ತವೆ. ಅಡ್ಡಬೇರಿನ ಮೇಲ್ಭಾಗ ಅಲ್ಲಲ್ಲಿ ವೇಗವಾಗಿ ದಪ್ಪಗಾಗಿ ಮೇಲಕ್ಕೆ ಬೆಳೆದು ಆಗುವಂಥವು. ಕಾಂಡ್ಲಾ (ಮ್ಯಾಂಗ್ರೋವ್) ಮರದ ಉಸಿರುಬೇರಿನ ಹಾಗೆ ಇವೂ ಬೇರಿಗೆ ಗಾಳಿ ಒದಗಿಸುತ್ತವೆ ಎಂದು ಹತ್ತೊಂಬತ್ತನೇ ಶತಮಾನದಿಂದಲೂ ಹೇಳುತ್ತ ಬಂದರು. ಆದರೆ ಉಸಿರುಬೇರಿನ ಒಳಗೆ ಗಾಳಿ ತುಂಬಿದ ಮೆತ್ತನೆಯ ಅಂಗಾಂಶವಿರುತ್ತದೆ. ಸೈಪ್ರೆಸ್ ಮಂಡಿಯನ್ನು ಕೊಯ್ದು ನೋಡಿದರೆ ಗಟ್ಟಿ ಮರವಷ್ಟೇ ಕಾಣುತ್ತದೆ. ಎಲ್ಲ ಮಂಡಿಗಳನ್ನು ಕತ್ತರಿಸಿದರೂ ಮರ ಸಾಯುವುದಿಲ್ಲ. ಕೆಸರಿನಲ್ಲಿ ಮರ ಮಗುಚದಂತೆ ಬೇರಿಗೆ ಬಿಗಿ ಕೊಡುತ್ತವೆ ಎನ್ನುವವರೂ ಇದ್ದಾರೆ. ವಾದ ಇನ್ನೂ ತೀರ್ಮಾನವಾಗಿಲ್ಲ. ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆ ಇವುಗಳಿಂದ ಸಿಗುವ ಉಪಯೋಗ ಬೇರೆ. ಮಂಡಿಗಳ ಎತ್ತರ ಮತ್ತು ಮರದ ಉಬ್ಬಿದ ಬುಡದ ಎತ್ತರ ಆ ಜಾಗದಲ್ಲಿ ನೆರೆ ಸಾಧಾರಣವಾಗಿ ಎಲ್ಲಿಯವರೆಗೆ ಏರುತ್ತಿತ್ತು ಎಂಬುದರ ಗುರುತು. ಇವತ್ತಿನ ನೀರು ವರ್ಷವಿಡೀ ಮಂಡಿಗಳ ತಲೆ ಮುಚ್ಚಿ ನಿಂತಿದ್ದರೆ, ಆ ಮರ ಹುಟ್ಟಿದ ಕಾಲದ ಜೌಗು ಅಲ್ಲಿ ಈಗ ಇಲ್ಲ ಎಂದು ತಿಳಿಯಬಹುದು.

ಮಂಡಿಬೇರು ನೋಡಲು ಅಮೆರಿಕಕ್ಕೇ ಹೋಗಬೇಕಿಲ್ಲ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ, ಹಳ್ಳದ ಪಕ್ಕದ ರಾಂಪತ್ರೆ ಜಡ್ಡಿ ಎಂಬ ಜೌಗುಕಾಡುಗಳಲ್ಲಿ, ಜಾಯಿಕಾಯಿ ಕುಟುಂಬದ ಮರಗಳು ಕೆಸರಿನಿಂದ ಬಾಗಿದ ಮಂಡಿಬೇರುಗಳನ್ನೂ ಆಸರೆಯ ಬಿಳಲುಬೇರುಗಳನ್ನೂ ಎಬ್ಬಿಸಿ ನಿಂತಿವೆ. ಸೈಪ್ರೆಸ್ಸಿಗೂ ಇವಕ್ಕೂ ಯಾವ ನಂಟೂ ಇಲ್ಲ. ಒಂದು ಹೂವೇ ಬಿಡದ ಸೂಜಿಯೆಲೆಯ ಮರ, ಇನ್ನೊಂದು ಹೂಬಿಡುವ ಮರಗಳಲ್ಲೇ ಬಹು ಹಳೆಯ ವಂಶ. ಗಾಳಿಯಾಡದ ಕೆಸರಿನಲ್ಲಿ ನಿಲ್ಲಬೇಕಾಗಿ ಬಂದಾಗ ಎರಡೂ ಬೇರನ್ನು ಮೇಲೆತ್ತುವ ದಾರಿಯನ್ನೇ ಹಿಡಿದಿವೆ. ಬೀಜದ ವಿಷಯದಲ್ಲಿ ಮಾತ್ರ ಎರಡೂ ಉತ್ತರ ದಕ್ಷಿಣ. ಜಡ್ಡಿಯ ಮರಗಳ ಬೀಜ ಒಣಗಿದರೆ ಬೇಗ ಸಾಯುತ್ತದೆ, ಕೂಡಿಡಲು ಆಗದು. ಮಂಗಟ್ಟೆ ಹಕ್ಕಿಯಂಥವು ಬೀಜಕ್ಕೆ ಸುತ್ತಿಕೊಂಡ ಪತ್ರೆಯ ಆಸೆಗೆ ಹೊತ್ತೊಯ್ಯಬೇಕು, ಒದ್ದೆ ನೆಲದಲ್ಲಿ ಕೂಡಲೇ ಮೊಳೆಯಬೇಕು. ಸೈಪ್ರೆಸ್ ಬೀಜ ಕಾಯುತ್ತದೆ.

ಆ ಕಾಯುವಿಕೆಯೇ ಇಡೀ ಮರದ ಬದುಕಿನ ಕೀಲಿ. ಎರಡು ಮೂರು ಸೆಂಟಿಮೀಟರ್ ಅಗಲದ ದುಂಡನೆಯ ಶಂಕುಫಲಗಳು ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಹಸಿರಿನಿಂದ ಕಂದಿಗೆ ತಿರುಗಿ ಒಡೆಯುತ್ತವೆ. ಒಂದೊಂದರಲ್ಲಿ ಇಪ್ಪತ್ತರ ಆಸುಪಾಸು ಬೀಜ, ಮೂರು ಮೂಲೆಯ ಒಡ್ಡೊಡ್ಡಾದ ಆಕಾರ, ತೊಗಟೆಯಂಥ ಸಿಪ್ಪೆ. ಹಾರುವ ರೆಕ್ಕೆಯಿಲ್ಲ, ನೀರಿನ ಮೇಲೆ ತೇಲಿ ಸಾಗಬೇಕು. ಚಳಿಗಾಲದ ಮತ್ತು ವಸಂತದ ನೆರೆ ಅದನ್ನು ಎಲ್ಲೆಲ್ಲಿಗೋ ಒಯ್ದು, ಇಳಿಯುವಾಗ ಕೆಸರಿನ ಅಂಚಿನಲ್ಲಿ ಗೆರೆ ಎಳೆದಂತೆ ಬಿಟ್ಟುಹೋಗುತ್ತದೆ. ನೀರಿನಡಿ ಸಿಕ್ಕಿಕೊಂಡ ಬೀಜ ಮೊಳೆಯುವುದಿಲ್ಲ, ಹಾಗೆಂದು ತಕ್ಷಣ ಸಾಯುವುದೂ ಇಲ್ಲ. ಎರಡೂವರೆ ವರ್ಷದ ತನಕ ಮುಳುಗಿದ್ದು ನೀರಿಳಿದ ಮೇಲೆ ಮೊಳೆತದ್ದು ದಾಖಲೆಯಲ್ಲಿದೆ. ಕೆಸರು ಒದ್ದೆಯಾಗಿರಬೇಕು, ಆದರೆ ಮೇಲೆ ನೀರು ನಿಂತಿರಬಾರದು. ಈ ಸ್ಥಿತಿ ಒಂದರಿಂದ ಮೂರು ತಿಂಗಳು ಉಳಿದರೆ ಮೊಳಕೆ ಬರುತ್ತದೆ. ನಂತರ ಪಂದ್ಯ. ಒಳ್ಳೆಯ ಬಿಸಿಲು ಸಿಕ್ಕರೆ ಮೊದಲ ವರ್ಷ ಸಸಿ 20ರಿಂದ 75 ಸೆಂಟಿಮೀಟರ್ ಬೆಳೆಯುತ್ತದೆ. ಮರುವರ್ಷದ ನೆರೆ ಬೆಳೆಯುವ ಕಾಲದಲ್ಲಿ ಬಂದು ಅದರ ತಲೆಯನ್ನು ವಾರಗಟ್ಟಲೆ ಮುಳುಗಿಸಿದರೆ ಅದು ಸತ್ತಿತು.

ಅಂದರೆ ಒಳ್ಳೆಯ ಬೀಜದ ವರ್ಷ, ಅದರ ಹಿಂದೆಯೇ ನೀರು ಚೆನ್ನಾಗಿ ಇಳಿದ ಬೇಸಿಗೆ, ಅದರ ಮುಂದೆ ಸೌಮ್ಯವಾದ ನೆರೆ, ಇವೆಲ್ಲ ಕೂಡಿ ಬರಬೇಕು. ಹಲವು ದಶಕಗಳಿಗೊಮ್ಮೆ ಕೂಡಿ ಬಂದರೂ ಸಾಕು, ಏಕೆಂದರೆ ಮರ ಶತಮಾನಗಳ ಕಾಲ ಬದುಕುತ್ತದೆ. ಸೈಪ್ರೆಸ್ ಕಾಡಿನಲ್ಲಿ ಮರಗಳೆಲ್ಲ ಒಂದೇ ವಯಸ್ಸಿನ ತಂಡಗಳಾಗಿ ಕಾಣುವುದು ಇದಕ್ಕೇ. ಒಂದು ತಂಡ ಎಂದರೆ ಒಂದು ಬರಗಾಲ.

ಬೆಳೆದ ಮರದ ತಾಳ್ಮೆಯಂತೂ ಬೆರಗು ಹುಟ್ಟಿಸುತ್ತದೆ. ಟೆನೆಸಿಯ ರೀಲ್‌ಫುಟ್ ಕೆರೆ ಹುಟ್ಟಿದ್ದು 1811-12ರ ನ್ಯೂ ಮ್ಯಾಡ್ರಿಡ್ ಭೂಕಂಪದಲ್ಲಿ. ನೆಲ ಕುಸಿದು ಕಾಡು ಕೆರೆಯಾಯಿತು. ಬೇರೆ ಮರಗಳು ಸತ್ತವು. ಅದಕ್ಕೂ ಮುಂಚಿನ ಸೈಪ್ರೆಸ್‌ಗಳಲ್ಲಿ ಕೆಲವು ಇನ್ನೂರು ವರ್ಷ ದಾಟಿ ಇವತ್ತೂ ಆ ನೀರಿನಲ್ಲೇ ಇವೆ. ಉತ್ತರ ಕ್ಯಾರೊಲೈನಾದ ಬ್ಲ್ಯಾಕ್ ನದಿಯ ಜೌಗಿನಲ್ಲಿ ಅರ್ಕನ್ಸಾ ವಿಶ್ವವಿದ್ಯಾಲಯದ ಡೇವಿಡ್ ಸ್ಟಾಲೆ ತಂಡ ಪೆನ್ಸಿಲ್ ದಪ್ಪದ ತಿರುಳು ಕೊರೆದು ಉಂಗುರ ಎಣಿಸಿ, 2019ರಲ್ಲಿ ಒಂದು ಮರದ ವಯಸ್ಸು ಕನಿಷ್ಠ 2,624 ವರ್ಷ ಎಂದು ಪ್ರಕಟಿಸಿತು. ‘ಕನಿಷ್ಠ’ ಎನ್ನಲು ಕಾರಣವಿದೆ. ಕೊರೆಯುವುದು ಉಬ್ಬಿದ ಬುಡಕ್ಕಿಂತ ಮೇಲೆ, ಅಷ್ಟು ಎತ್ತರ ಬೆಳೆಯಲು ಹಿಡಿದ ವರ್ಷಗಳು ಲೆಕ್ಕಕ್ಕೆ ಸಿಗುವುದಿಲ್ಲ. ಹಳೆಯ ಮರಗಳ ಒಡಲು ಪೊಳ್ಳು ಬೇರೆ. ಆ ಪೊಳ್ಳೇ ಅವನ್ನು ಉಳಿಸಿತು ಎಂಬುದು ಇನ್ನೊಂದು ಮಾತು. ತಿರುಚಿದ, ಟೊಳ್ಳಾದ ಮರದಿಂದ ಹಲಗೆ ಬರದು ಎಂದು ಮರ ಕಡಿಯುವವರು ಬಿಟ್ಟುಹೋದರು.

ಇದೇ ಉಂಗುರಗಳಿಂದ 1998ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ವರ್ಜೀನಿಯದ ಸೈಪ್ರೆಸ್‌ಗಳಲ್ಲಿ 1587ರಿಂದ 1589ರ ಉಂಗುರಗಳು ಎಂಟುನೂರು ವರ್ಷಗಳಲ್ಲೇ ಅತಿ ಬಿರುಸಾದ ಮೂರು ವರ್ಷದ ಬರವನ್ನು ತೋರಿಸಿದವು. ರೊನೋಕ್ ದ್ವೀಪದ ಇಂಗ್ಲಿಷ್ ವಸಾಹತು ಗುರುತಿಲ್ಲದೆ ಮಾಯವಾದದ್ದು ಇದೇ ವರ್ಷಗಳಲ್ಲಿ. ನೀರಲ್ಲಿ ನಿಂತ ಮರ ಬರಗಾಲವನ್ನು ಇಷ್ಟು ನಿಖರವಾಗಿ ಬರೆದಿಟ್ಟುಕೊಳ್ಳುತ್ತದೆ ಎಂಬುದೇ ಸೋಜಿಗ. ಇದರ ಬೇರುಗಳಲ್ಲಿ ಬಹುಪಾಲು ಮೇಲ್ಪದರದಲ್ಲೇ ಹರಡಿರುತ್ತವೆ, ನೀರು ಇಳಿದ ವರ್ಷ ಮೊದಲು ತಟ್ಟುವುದು ಅವಕ್ಕೇ.

ಇಂಥ ಮರಗಳಲ್ಲಿ ಬಹುಪಾಲು ನೆಲಕ್ಕುರುಳಿದ್ದು ಒಂದೇ ತಲೆಮಾರಿನಲ್ಲಿ. 1876ರ ಕಾನೂನು ಜೌಗು ನೆಲವನ್ನು ಅಗ್ಗದ ಬೆಲೆಗೆ ಮಾರಲು ದಾರಿ ಮಾಡಿತು. 1890ರಿಂದ 1925ರ ನಡುವೆ ಕಡಿತ ಉಚ್ಚ್ರಾಯಕ್ಕೆ ಏರಿತು. ಹಸಿ ಸೈಪ್ರೆಸ್ ದಿಮ್ಮಿ ನೀರಿನಲ್ಲಿ ಮುಳುಗುತ್ತದೆ, ಅದಕ್ಕೆ ಉಪಾಯವಾಗಿ ತಿಂಗಳುಗಳ ಮೊದಲೇ ಬುಡದ ಸುತ್ತ ತೊಗಟೆ ಮತ್ತು ಹೊರಗಿನ ಬಿಳಿ ಮರವನ್ನು ಉಂಗುರದಂತೆ ಕಡಿದು, ನಿಂತಲ್ಲೇ ಒಣಗಲು ಬಿಡುತ್ತಿದ್ದರು. ಒಣಗಿದ ಮೇಲೆ ಉರುಳಿಸಿ, ನೆರೆಯಲ್ಲಿ ತೇಲಿಸಿ ಒಯ್ಯುತ್ತಿದ್ದರು. ಆಮೇಲೆ ತೆಪ್ಪದ ಮೇಲೆ ಉಗಿಯಂತ್ರ ಕೂರಿಸಿ ಉಕ್ಕಿನ ಹಗ್ಗದಿಂದ ದಿಮ್ಮಿ ಎಳೆಯುವ ಪದ್ಧತಿ ಬಂತು. ಒಂದೇ ಜಾಗದಿಂದ ಸುತ್ತಲೂ ಎಳೆದದ್ದರಿಂದ ಕೆಸರಿನಲ್ಲಿ ಗಾಡಿಚಕ್ರದ ಅರೆಗಳಂತೆ ಕಾಲುವೆಗಳು ಬಿದ್ದವು. ನೂರು ವರ್ಷದ ಮೇಲೂ ಉಪಗ್ರಹ ಚಿತ್ರದಲ್ಲಿ ಆ ಚಕ್ರಗಳು ಎದ್ದು ಕಾಣುತ್ತವೆ. ಲೆಕ್ಕ ತಪ್ಪಿ ಮುಳುಗಿದ ದಿಮ್ಮಿಗಳನ್ನು ಈಗಲೂ ನದಿತಳದಿಂದ ಎತ್ತಿ ಹಲಗೆ ಕೊಯ್ಯುತ್ತಾರೆ, ಒಳಗಿನ ಚೇಗು ಕೆಟ್ಟಿರುವುದಿಲ್ಲ. ಹಳೆಯ ಮರದ ಚೇಗಿಗೆ ಆ ತಾಳಿಕೆ ಬಂದದ್ದು ನಿಧಾನ ಬೆಳವಣಿಗೆಯಿಂದ ಮತ್ತು ಅದರೊಳಗಿನ ರಾಸಾಯನಿಕಗಳಿಂದ. ಇವತ್ತಿನ ಎಪ್ಪತ್ತು ಎಂಬತ್ತು ವರ್ಷದ ಮರದಲ್ಲಿ ಬಿಳಿ ಮರವೇ ಹೆಚ್ಚು. ‘ಸೈಪ್ರೆಸ್, ಗೆದ್ದಲು ಹತ್ತುವುದಿಲ್ಲ’ ಎಂಬ ಮಾರಾಟದ ಮಾತನ್ನು ಎಳೆಮರದ ಹಲಗೆಗೂ ಹೊಂದಿಸುವುದು ತಪ್ಪು.

ಕಡಿದ ಮೇಲೆ ಹಲವು ಕಡೆ ಕಾಡು ಮತ್ತೆ ಎದ್ದಿತು, ಏಕೆಂದರೆ ಆಗಿನ್ನೂ ನೀರು ಏರಿ ಇಳಿಯುತ್ತಿತ್ತು. ಈಗ ಕಡಿದರೆ ಏಳದ ಜಾಗಗಳೇ ಬಹಳ. 1927ರ ಮಹಾಪ್ರವಾಹದ ನಂತರ ಮಿಸಿಸಿಪ್ಪಿಯ ಎರಡೂ ದಡಗಳಿಗೆ ಎತ್ತರದ ಏರಿಗಳನ್ನು ಬಿಗಿದರು. ಊರುಗಳು ಉಳಿದವು ನಿಜ. ಆದರೆ ವರ್ಷ ವರ್ಷ ಜೌಗಿಗೆ ಹೂಳು ಹೊತ್ತು ತರುತ್ತಿದ್ದ ನೆರೆ ನಿಂತಿತು. ಮುಖಜಭೂಮಿಯ ಮಣ್ಣು ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಮೇಲೆ ಹೊಸ ಹೂಳು ಬೀಳದಿದ್ದರೆ ನೆಲ ತಗ್ಗುತ್ತದೆ, ನೀರು ನಿಲ್ಲುತ್ತದೆ. ಇನ್ನೊಂದೆಡೆ ತೈಲ ಕಂಪನಿಗಳ ಕಾಲುವೆಗಳಿಂದ ಎತ್ತಿ ಹಾಕಿದ ಮಣ್ಣಿನ ದಿಬ್ಬಗಳು, ರಸ್ತೆ, ರೈಲು ಹಳಿಗಳು ಜೌಗನ್ನು ತಟ್ಟೆಗಳಾಗಿ ಒಡೆದವು. ಬಂದ ಮಳೆನೀರಿಗೆ ಹೋಗಲು ದಾರಿಯಿಲ್ಲ. ಹರಿಯುವ ನೀರಿನಲ್ಲಿ ಆಮ್ಲಜನಕವಿರುತ್ತದೆ, ನಿಂತ ನೀರಿನಲ್ಲಿ ಅದು ಬೇಗ ತೀರುತ್ತದೆ. ದೊಡ್ಡ ಮರ ಸಾಯುವುದಿಲ್ಲ, ಬೆಳೆಯುವುದನ್ನು ನಿಲ್ಲಿಸುತ್ತದೆ, ತುದಿ ಒಣಗುತ್ತದೆ. ಕೆಳಗೆ ಒಂದು ಬೀಜವೂ ಮೊಳೆಯುವುದಿಲ್ಲ.

ಉಪ್ಪಿನದು ಬೇರೆಯೇ ಸಾವು, ಬೇಗ ಬರುವಂಥದ್ದು. ಸಮುದ್ರದ ನೀರಿನಲ್ಲಿ ಸಾವಿರಕ್ಕೆ ಸುಮಾರು 35 ಪಾಲು ಉಪ್ಪಿರುತ್ತದೆ. ಸೈಪ್ರೆಸ್ ಕಾಡು ಸದಾಕಾಲ ಎರಡು ಪಾಲು ಮೀರಿದ ಉಪ್ಪಿನಲ್ಲಿದ್ದರೆ ಸೊರಗಲು ಶುರು. ನ್ಯೂ ಆರ್ಲಿಯನ್ಸ್‌ನಿಂದ ಮೆಕ್ಸಿಕೊ ಕೊಲ್ಲಿಗೆ ಹಡಗು ಸಾಗಲೆಂದು 1960ರ ದಶಕದಲ್ಲಿ ನೇರವಾಗಿ ತೋಡಿ ಮುಗಿಸಿದ ಕಾಲುವೆ, ಉಪ್ಪುನೀರನ್ನು ಊರಿನ ಬೆನ್ನಿನ ಜೌಗಿಗೇ ತಂದು ಬಿಟ್ಟಿತು. ಸಾವಿರಾರು ಎಕರೆ ಸೈಪ್ರೆಸ್ ಬಿಳಿ ಎಲುಬುಗಳ ಹಾಗೆ ಒಣಗಿ ನಿಂತಿತು. ಕತ್ರಿನಾ ಚಂಡಮಾರುತದ ನಾಲ್ಕು ವರ್ಷಗಳ ನಂತರ, 2009ರಲ್ಲಿ, ಬಂಡೆಗಳ ಒಡ್ಡು ಹಾಕಿ ಆ ಕಾಲುವೆಯನ್ನು ಮುಚ್ಚಿದರು. ಆಮೇಲೆ ಉಪ್ಪು ಇಳಿಯಿತು, ಹಾಗಾಗಿಯೇ ಅಲ್ಲಿ ಈಗ ಮತ್ತೆ ಸಸಿ ನೆಡಲು ಸಾಧ್ಯವಾಗಿದೆ.

ನೆಡುವ ಕೆಲಸದ ವಿವರಗಳನ್ನು ಸ್ವಲ್ಪ ಬಿಡಿಸಿ ಹೇಳಬೇಕು, ‘ಸಾವಿರ ಸಸಿ ನೆಟ್ಟೆವು’ ಎಂಬ ಸುದ್ದಿಯ ಹಿಂದೆ ಏನೇನು ಸತ್ತಿರುತ್ತದೆ ಎಂಬುದು ಆಗ ತಿಳಿಯುತ್ತದೆ. ಶಂಕುಫಲಗಳನ್ನು ಕಂದು ಬಣ್ಣಕ್ಕೆ ತಿರುಗುವಾಗ ಕೊಯ್ದು ನೆರಳಲ್ಲಿ ಹರಡಿ ಒಣಗಿಸಬೇಕು. ಒಳಗಿನ ಅಂಟುರಾಳ ಬೀಜಗಳನ್ನೂ ಹೊಪ್ಪಳೆಗಳನ್ನೂ ಒಂದಕ್ಕೊಂದು ಕಚ್ಚಿಸಿಬಿಡುತ್ತದೆ, ಬಿಡಿಸುವ ಹಟಕ್ಕೆ ಬೀಳದೆ ಒಟ್ಟಿಗೇ ಬಿತ್ತುವುದು ವಾಡಿಕೆ. ಬಿತ್ತುವ ಮುನ್ನ ಬೀಜಕ್ಕೆ ಚಳಿಗಾಲ ಕಾಣಿಸಬೇಕು. ಒದ್ದೆ ಮರಳಿನಲ್ಲೋ ಪೀಟ್‌ನಲ್ಲೋ ಬೆರೆಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಫ್ರಿಜ್‌ನಲ್ಲಿ 3ರಿಂದ 5 ಡಿಗ್ರಿಯಲ್ಲಿ ಎರಡರಿಂದ ಮೂರು ತಿಂಗಳು. ಇದನ್ನು ತಪ್ಪಿಸಿದರೆ ಮೊಳಕೆ ಒಂದೊಂದಾಗಿ, ತಿಂಗಳುಗಟ್ಟಲೆ ಎಳೆದಾಡಿ ಬರುತ್ತದೆ. ಟೊಳ್ಳು ಬೀಜ ಬಹಳವಿರುವುದರಿಂದ ಅರ್ಧ ಮೊಳೆತರೂ ಒಳ್ಳೆಯದೇ, ಒತ್ತಾಗಿ ಬಿತ್ತಿ. ವಸಂತದಲ್ಲಿ ಒಂದು ಸೆಂಟಿಮೀಟರ್ ಮಣ್ಣು ಮುಚ್ಚಿ, ನೆಲ ಒಣಗದಂತೆ ನೋಡಿಕೊಂಡರೆ ಮುಂದಿನ ಚಳಿಗಾಲಕ್ಕೆ ಒಂದು ಮೀಟರಿನ ಹತ್ತಿರದ ಸಸಿ ಕೈಗೆ ಬರುತ್ತದೆ.

ನೆಡುವ ಕಾಲ ಎಲೆ ಉದುರಿದ ಡಿಸೆಂಬರ್‌ನಿಂದ ಫೆಬ್ರವರಿ. ಗಟ್ಟಿ ನೆಲದಲ್ಲಿ ಸಲಾಕೆಯಿಂದ ಸೀಳು ಮಾಡಿ ಬೇರಿಳಿಸಿ ತುಳಿದರೆ ಆಯಿತು. ನೀರು ನಿಂತ ಮೆತ್ತನೆ ಕೆಸರಿನಲ್ಲಿ ಗುಂಡಿ ತೋಡಲು ಆಗದು. ಅಲ್ಲಿ ಪಕ್ಕದ ಬೇರುಗಳನ್ನೆಲ್ಲ ಸವರಿ, ತಾಯಿಬೇರನ್ನು ಗೇಣುದ್ದಕ್ಕೆ ಮೊಟಕುಮಾಡಿ, ಸಸಿಯ ಕುತ್ತಿಗೆ ಹಿಡಿದು ಈಟಿ ಚುಚ್ಚಿದಂತೆ ಕೆಸರಿಗೆ ಒತ್ತುತ್ತಾರೆ. ಇಷ್ಟು ಬೇರು ಕತ್ತರಿಸಿದರೆ ಸಾಯದೇ ಎಂಬ ಅನುಮಾನ ಸಹಜ. ಹೀಗೆ ನೆಟ್ಟವು ಚೆನ್ನಾಗಿಯೇ ಹಿಡಿದುಕೊಳ್ಳುತ್ತವೆ. ನೀರಿನ ಆಳ ಅರವತ್ತು ಸೆಂಟಿಮೀಟರ್ ದಾಟಿದರೆ ಅಲ್ಲಿ ನೆಡುವುದೇ ಬೇಡ. ಅಂತರ ಮೂರು ಮೀಟರ್, ಹೆಕ್ಟೇರಿಗೆ ಸುಮಾರು 1,100 ಸಸಿ. ಮುಚ್ಚಿದ ಚಪ್ಪರದ ಅಡಿ ನೆಟ್ಟವು ಬದುಕಿದ್ದರೂ ಏಳುವುದಿಲ್ಲ, ನೆತ್ತಿಗೆ ಬೆಳಕು ಬೀಳಬೇಕು.

ಆಮೇಲೆ ನ್ಯೂಟ್ರಿಯಾ. ತುಪ್ಪಳಕ್ಕೆಂದು 1930ರ ದಶಕದಲ್ಲಿ ದಕ್ಷಿಣ ಅಮೆರಿಕದಿಂದ ತಂದ, ಬೆಕ್ಕಿಗಿಂತ ದಪ್ಪನೆಯ ಈ ನೀರಿನ ದಂಶಕ ತಪ್ಪಿಸಿಕೊಂಡು ಜೌಗು ತುಂಬಿತು. ಹೊಸದಾಗಿ ನೆಟ್ಟ ಸಸಿಯನ್ನು ಕಿತ್ತು, ತಾಯಿಬೇರಿನ ಸಿಪ್ಪೆ ತಿಂದು, ಕಾಂಡವನ್ನು ಹಾಗೇ ತೇಲಿಬಿಡುತ್ತದೆ. ಒಂದು ರಾತ್ರಿಯಲ್ಲಿ ಸಾಲುಸಾಲೇ ಹೋಗುತ್ತದೆ. ಅದಕ್ಕೆ ನೆಟ್ಟ ದಿನವೇ ಪ್ಲಾಸ್ಟಿಕ್ ಕೊಳವೆ ತೊಡಿಸಿ, ಅದರ ಕೆಳತುದಿಯನ್ನು ಕೆಸರಿಗೆ ಒತ್ತಿ, ಬಿದಿರಿನ ಗೂಟಕ್ಕೆ ಕಟ್ಟಬೇಕು. ಸಡಿಲ ಕಟ್ಟಿದರೆ ನೆರೆ ಕೊಳವೆಯನ್ನು ಮೇಲೆತ್ತಿ ಒಯ್ಯುತ್ತದೆ, ಹೋಗುವಾಗ ಸಸಿಯ ಕೊಂಬೆ ಹರಿದುಕೊಂಡೇ ಹೋಗುತ್ತದೆ. ಕೊಳವೆಯನ್ನು ಮರೆತುಬಿಟ್ಟರೂ ಕಷ್ಟ, ಕಾಂಡ ದಪ್ಪವಾದಾಗ ಬಿಗಿಯುತ್ತದೆ. ಲೂಯಿಸಿಯಾನ 2002ರಿಂದ ನ್ಯೂಟ್ರಿಯಾದ ಪ್ರತಿ ಬಾಲಕ್ಕೆ ಹಣ ಕೊಡುತ್ತಿದೆ. ಮೊದಲು 4 ಡಾಲರ್ ಇತ್ತು, ಆಮೇಲೆ 5, ನಂತರ 6.

ಕ್ಯಾಡೊ ಕೆರೆಯ ಶತ್ರು ಮಾತ್ರ ನಮಗೂ ಪರಿಚಿತ: ದೈತ್ಯ ಸಾಲ್ವಿನಿಯಾ, ಕೇರಳದಲ್ಲಿ ಆಫ್ರಿಕನ್ ಪಾಯಲ್ ಎಂದು ಕರೆಯುವ ತೇಲು ಜರಿಗಿಡ. ನೀರಿನ ಮೇಲೆ ಕಂಬಳಿ ಹಾಸಿ ಬೆಳಕನ್ನೂ ಗಾಳಿಯನ್ನೂ ತಡೆಯುತ್ತದೆ. ಇದನ್ನು ತಿನ್ನುವ ಎರಡು ಮಿಲಿಮೀಟರಿನ ಸೊಂಡಿಲ ಹುಳವನ್ನು ಬೆಂಗಳೂರಿನ ವಿಜ್ಞಾನಿಗಳು 1983-84ರಲ್ಲೇ ಊರಿನ ನೈದಿಲೆಕೊಳವೊಂದರಲ್ಲಿ ಬಿಟ್ಟು, ವರ್ಷದೊಳಗೆ ಕೊಳ ತೆರವು ಮಾಡಿದ್ದರು. ಕ್ಯಾಡೊದಲ್ಲೂ ಅದೇ ಹುಳ ಬಳಸುತ್ತಾರೆ, ಆದರೆ ಅಲ್ಲಿನ ಚಳಿಗೆ ಹುಳ ಸಾಯುತ್ತದೆ. ಹಾಗಾಗಿ ಗಾಜಿನಮನೆಯಲ್ಲಿ ಸಾಕಿ ಮತ್ತೆ ಮತ್ತೆ ಬಿಡಬೇಕು.

ಟೆಕ್ಸಸ್‌ನ ಮನೆಯಂಗಳದಲ್ಲಿ ಈ ಮರ ನೆಡುವ ಆಸೆಯುಳ್ಳವರಿಗೆ ಒಂದು ಮಾತು. ಇದಕ್ಕೆ ನಿಂತ ನೀರು ಬೇಕಿಲ್ಲ, ಸಾಧಾರಣ ನೆಲದಲ್ಲೂ ಬೆಳೆಯುತ್ತದೆ, ಒಣ ನೆಲದಲ್ಲಿ ಮಂಡಿ ಬರುವುದೂ ಅಪರೂಪ. ಆದರೆ ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ಬೇರಿಗೆ ಕಬ್ಬಿಣ ಸಿಗದೆ ಎಲೆ ಬೇಸಿಗೆಯಲ್ಲೇ ಹಳದಿಯಾಗುತ್ತದೆ. ಮೊದಲು ಮಣ್ಣಿನ ಪರೀಕ್ಷೆ ಮಾಡಿಸಿ. ಕ್ಷಾರ ಹೆಚ್ಚಿದ್ದರೆ ಮೆಕ್ಸಿಕೊದ ಸೋದರ ಜಾತಿಯಾದ ಮಾಂಟೆಜುಮಾ ಸೈಪ್ರೆಸ್ ಹೆಚ್ಚು ತಾಳುತ್ತದೆ.

ಸಸಿ ನೆಡುವುದರಿಂದ ಎಷ್ಟು ಕಾಡು ವಾಪಸು ಬಂದೀತು ಎಂದರೆ, ನೀರು ಸರಿಯಿರುವ ಕಡೆ ಮಾತ್ರ. ಲೂಯಿಸಿಯಾನ ತಡವಾಗಿಯಾದರೂ ಒಪ್ಪಿಕೊಂಡದ್ದು ಇದನ್ನೇ. ಮೋರೆಪಾ ಎಂಬ ದೊಡ್ಡ ಸೈಪ್ರೆಸ್ ಜೌಗಿಗೆ ಮಿಸಿಸಿಪ್ಪಿಯ ಏರಿಯಲ್ಲಿ ತೂಬು ಇಟ್ಟು, ಕಾಲುವೆಯ ಮೂಲಕ 2,000 ಕ್ಯೂಸೆಕ್‌ವರೆಗೆ ನದಿನೀರು ಬಿಡುವ ಯೋಜನೆಯ ನಿರ್ಮಾಣ 2024ರ ಡಿಸೆಂಬರ್‌ನಲ್ಲಿ ಶುರುವಾಯಿತು. ಸುಮಾರು 45,000 ಎಕರೆ ಜೌಗಿಗೆ ಇದರಿಂದ ಅನುಕೂಲವಾಗಲಿದೆ ಎಂಬುದು ಲೆಕ್ಕ. ಹೊಸ ನೀರು ಉಪ್ಪನ್ನು ಹಿಂದಕ್ಕೆ ತಳ್ಳುತ್ತದೆ, ನಿಂತ ನೀರು ಚಲಿಸುವಂತೆ ಮಾಡುತ್ತದೆ, ಬೇರುಗಳಿಗೆ ಪೋಷಕಾಂಶ ಕೊಡುತ್ತದೆ. ದೊಡ್ಡ ಮರಗಳಿಗೆ ಇಷ್ಟು ಸಾಕು. ಸಸಿಗಳಿಗೆ ಸಾಲದು. ಅವುಗಳಿಗಾಗಿ, ಬೀಜ ಚೆನ್ನಾಗಿ ಬಿದ್ದ ಮರುವರ್ಷದ ಬೇಸಿಗೆಯಲ್ಲಿ ಎರಡು ಮೂರು ತಿಂಗಳು ತೂಬು ಮುಚ್ಚಿ, ನೀರು ತಡೆಯುವ ಮಣ್ಣಿನ ದಿಬ್ಬಗಳನ್ನು ಅಲ್ಲಲ್ಲಿ ಒಡೆದು, ಕೆಸರು ಬಿಸಿಲು ಕಾಣುವಂತೆ ನೀರನ್ನು ಹೊರಗೆ ಬಿಡಬೇಕಾಗುತ್ತದೆ.